ಬನವಾಸಿಯ ಭೂತಪಾಲನೂ ಬೊರಿವಲಿಯ ಗುಡ್ಡವೂ

(ಮುಂಬಯಿಯಲ್ಲಿ ಕನ್ನಡ ಕೇಳುಗರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ರವಿವಾರ, ಅದೂ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇರುವ ದಿನ, ಡೊಂಬಿವಲಿಯಿಂದ ವಿರಾರ್‌ನಿಂದ ಬಂದು ಕೂತಿದ್ದೀರಿ. ಆದ್ದರಿಂದ ಪೀಠಿಕೆ ಬಿಟ್ಟುಬಿಡುತ್ತೇನೆ.

ಹಳೆಯ ಕಲ್ಲಿನ ಕೆಲಸ ನೋಡಬೇಕು ಅನ್ನಿಸಿದರೆ ನಾವು ಊರಿಗೆ ಹೋಗುವವರೆಗೆ ಕಾಯುತ್ತೇವೆ. ಮೇ ರಜೆಯಲ್ಲಿ ಹಂಪಿ, ದಸರೆಯಲ್ಲಿ ಬಾದಾಮಿ, ಯಾರದ್ದಾದರೂ ಮದುವೆಗೆ ಹೋದಾಗ ಬೇಲೂರು. ಅದು ನಮ್ಮದು, ಇಲ್ಲಿಯದು ಬೇರೆಯವರದ್ದು ಅನ್ನುವ ಲೆಕ್ಕ. ಅಂಧೇರಿಯಲ್ಲಿ ಕೆಲಸ ಮಾಡುವವರು ಇಲ್ಲಿ ಎಷ್ಟೋ ಜನ ಇದ್ದೀರಿ. ಮಹಾಕಾಳಿ ಕೇವ್ಸ್ ರೋಡ್ ಎಂದು ದಿನಾ ಆಟೋದವರಿಗೆ ಹೇಳುತ್ತೀರಿ. ಆ ರಸ್ತೆಯ ತುದಿಯಲ್ಲಿ ನಿಜವಾಗಿಯೂ ಗವಿಗಳಿವೆ. ಒಂದಲ್ಲ, 19. ಬೌದ್ಧ ಭಿಕ್ಷುಗಳು ಇದ್ದ ಜಾಗ. ನೋಡಿದವರು ಕೈ ಎತ್ತಿ ಅಂದರೆ ಈ ಸಭೆಯಲ್ಲಿ ಎದ್ದ ಕೈ ಎರಡು ಮೂರು, ಅಲ್ವಾ?

ಸರಿ, ನಾನು ಮಹಾಕಾಳಿಯಿಂದ ಶುರು ಮಾಡುವುದಿಲ್ಲ. ಲೋಣಾವಳದ ಹತ್ತಿರದ ಕಾರ್ಲಾದಿಂದ ಶುರು ಮಾಡುತ್ತೇನೆ, ಯಾಕಂದರೆ ಅಲ್ಲಿ ನಮ್ಮ ಕಡೆಯವನೊಬ್ಬ ಇದ್ದಾನೆ.

ಕಾರ್ಲಾ ಗುಡ್ಡ ಹತ್ತುವವರಲ್ಲಿ ಹೆಚ್ಚಿನವರು ಏಕವೀರಾ ದೇವಿಯ ಭಕ್ತರು. ಕೋಳಿ ಸಮುದಾಯದ ಜನ, ಮೀನುಗಾರರು, ತಲೆಯ ಮೇಲೆ ಹೂವು, ಕೈಯಲ್ಲಿ ತೆಂಗಿನಕಾಯಿ. ದೇವಿಯ ಗುಡಿಗೆ ತಾಗಿದಂತೆಯೇ ಚೈತ್ಯಗೃಹ, ಅಂದರೆ ಸ್ತೂಪ ಇರುವ ಬೌದ್ಧರ ಪ್ರಾರ್ಥನೆಯ ಮನೆ ಇದೆ. ಬಂಡೆಯೊಳಗೆ ಕಡೆದ ಚೈತ್ಯಗಳಲ್ಲಿ ನಮ್ಮ ದೇಶದಲ್ಲೇ ಅತಿ ದೊಡ್ಡದು. ವಯಸ್ಸು ಸುಮಾರು 1900 ವರ್ಷ. ಅದರ ಮೊಗಸಾಲೆಯ ಗೋಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಒಂದು ಸಾಲು ಕೆತ್ತಿದ್ದಾರೆ. ವೈಜಯಂತಿಯ ಶ್ರೇಷ್ಠಿ ಭೂತಪಾಲ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು, ಎಂದು ಅದರ ಅರ್ಥ.

ವೈಜಯಂತಿ ಎಂದರೆ ಬನವಾಸಿ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಶಿರಸಿಯ ಹತ್ತಿರದ, ವರದಾ ನದಿಯ ದಂಡೆಯ ನಮ್ಮ ಬನವಾಸಿ. ಕದಂಬರು ಬರುವುದಕ್ಕೂ ಎಷ್ಟೋ ಮೊದಲಿನ ಮಾತು ಇದು. ಅಲ್ಲಿಯ ಒಬ್ಬ ವ್ಯಾಪಾರಿ ಇಷ್ಟು ದೂರದ ಗುಡ್ಡದಲ್ಲಿ ಇಷ್ಟು ದೊಡ್ಡ ಕೆಲಸಕ್ಕೆ ದುಡ್ಡು ಹಾಕಿದ. ಹಾಕಿದ್ದಷ್ಟೇ ಅಲ್ಲ, ದೇಶದಲ್ಲೇ ಇದಕ್ಕೆ ಸಾಟಿ ಇಲ್ಲ ಎಂದು ಬರೆಸಿಯೂ ಬಿಟ್ಟ. ಆ ಗತ್ತು ನೋಡಿ! ದಾನ ಕೊಟ್ಟವರ ಹೆಸರು ಫಲಕದಲ್ಲಿ ದಪ್ಪಕ್ಷರದಲ್ಲಿ ಇರಬೇಕು ಎಂದು ಜಗಳ ಆಡುವ ಸಂಘಗಳನ್ನು ನೀವೂ ನೋಡಿದ್ದೀರಿ. ಭೂತಪಾಲನ ಮಟ್ಟಿಗೆ ಹೇಳುವುದಾದರೆ, ಅವನು ಜಂಬ ಕೊಚ್ಚಿಕೊಂಡದ್ದರಲ್ಲಿ ಸುಳ್ಳಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಬೇಕು. ಆಮೇಲೆ ಎರಡೂ ಬದಿಯ ಕಂಬಗಳು ಒಂದೊಂದಾಗಿ ಕತ್ತಲೆಯಿಂದ ಹೊರಗೆ ಬರುತ್ತವೆ. ಒಟ್ಟು 37 ಕಂಬ. ಕಂಬದ ನೆತ್ತಿಯ ಮೇಲೆ ಆನೆಗಳು, ಆನೆಯ ಮೇಲೆ ಗಂಡು ಹೆಣ್ಣು ಜೋಡಿಗಳು. ಕೊನೆಯಲ್ಲಿ ಸ್ತೂಪ, ಅದರ ಮೇಲೆ ಮರದ ಕೊಡೆ. ನಮ್ಮ ಬೆನ್ನ ಹಿಂದೆ, ಮುಂಭಾಗದ ದೊಡ್ಡ ಕಮಾನು ಕಿಟಕಿಯಿಂದ ಬಿದ್ದ ಬೆಳಕು. ಒಬ್ಬರು ಮೆಲ್ಲಗೆ ಏನಾದರೂ ಹೇಳಿದರೂ ಇಡೀ ಛಾವಣಿ ಗುಂಯ್ ಅನ್ನುತ್ತದೆ.

ಈಗ ತಲೆ ಎತ್ತಿ ಛಾವಣಿ ನೋಡಿ. ಕಲ್ಲಿನ ಕಮಾನಿಗೆ ಮರದ ಬಾಗಿದ ತೊಲೆಗಳನ್ನು ಸಾಲಾಗಿ ಕೂರಿಸಿದ್ದಾರೆ. ಮರ ಹಳೆಯದೇ, ಆ ಕಾಲದ್ದೇ. ಸಾವಿರದ ಒಂಬೈನೂರು ಮಳೆಗಾಲ ಕಂಡ ಮರ. ಅದಕ್ಕಿಂತ ನನ್ನನ್ನು ಕಾಡುವ ವಿಷಯ ಬೇರೆ. ಆ ತೊಲೆಗಳು ಏನನ್ನೂ ಹೊತ್ತಿಲ್ಲ. ಗುಡ್ಡವೇ ಛಾವಣಿಯಾಗಿರುವಾಗ ಹೊರುವುದೇನು? ತೊಲೆ ತೆಗೆದರೂ ಛಾವಣಿ ಹಾಗೇ ಇರುತ್ತದೆ. ಮತ್ತೆ ಯಾಕೆ ಹಾಕಿದರು?

ಅದಕ್ಕೂ ಮೊದಲು ಚೈತ್ಯಗಳನ್ನು ಮರದಲ್ಲೇ ಕಟ್ಟುತ್ತಿದ್ದರು. ಬಡಗಿ ಕಟ್ಟಿದ ಆ ಮನೆಗಳೆಲ್ಲ ಹೋದವು, ಒಂದೂ ಉಳಿದಿಲ್ಲ. ಆದರೆ ಕಲ್ಲಿಗೆ ಬಂದಾಗಲೂ ಜನರ ಕಣ್ಣಿನಲ್ಲಿ ದೇವರ ಮನೆ ಎಂದರೆ ಮರದ ಮನೆಯೇ. ತೊಲೆ ಕಾಣದಿದ್ದರೆ ಅವರಿಗೆ ಸಮಾಧಾನ ಆಗುತ್ತಿರಲಿಲ್ಲ ಎಂದು ಕಾಣುತ್ತದೆ. ಮಳವಲಿ ಸ್ಟೇಶನ್ನಿನ ಇನ್ನೊಂದು ಬದಿಯಲ್ಲಿರುವ ಭಾಜಾ ಗವಿಗಳು ಇದಕ್ಕಿಂತ ಹಳೆಯವು, ಕ್ರಿಸ್ತಪೂರ್ವ 2ನೇ ಶತಮಾನದವು. ಅಲ್ಲಿ ಚೈತ್ಯದ ಕಂಬಗಳನ್ನು ನೆಟ್ಟಗೆ ನಿಲ್ಲಿಸಿಯೇ ಇಲ್ಲ. ಒಳಕ್ಕೆ ವಾಲಿಸಿ ಕಡೆದಿದ್ದಾರೆ. ಮರದ ಮನೆಯಲ್ಲಿ ಛಾವಣಿಯ ಭಾರ ಕಂಬವನ್ನು ಹೊರಕ್ಕೆ ತಳ್ಳುತ್ತದೆ, ಅದಕ್ಕೆ ಕಂಬ ಒಳಕ್ಕೆ ವಾಲಿಸಬೇಕು. ಕಲ್ಲಿಗೆ ಅದರ ಅಗತ್ಯವೇ ಇಲ್ಲ. ಆದರೂ ವಾಲಿಸಿದರು. ಅಂದರೆ ಭಾಜಾದಲ್ಲಿ ನಿಂತರೆ, ಎಂದೋ ಮಣ್ಣಾಗಿ ಹೋದ ಮರದ ಕಟ್ಟಡವೊಂದರ ಅಳತೆ ನಮ್ಮ ಕಣ್ಣೆದುರು ಇದೆ.

ಕಾರ್ಲಾದ ಶಾಸನಗಳಲ್ಲಿ ಒಬ್ಬ ಬಡಗಿಯೂ ಇದ್ದಾನೆ. ಧೇನುಕಾಕಟ ಎಂಬ ಊರಿನ ಸಾಮಿ, ವೇಣುವಾಸನ ಮಗ. ಬಾಗಿಲು ಮಾಡಿದ್ದು ತಾನು ಎಂದು ಬರೆಸಿದ್ದಾನೆ. ಕಲ್ಲಿನ ಕಟ್ಟಡದ ಬಾಗಿಲಿನಲ್ಲಿ ಬಡಗಿಯ ಹೆಸರು! ಆ ಕಾಲದಲ್ಲಿ ಮರ ಮತ್ತು ಕಲ್ಲು ಎಷ್ಟು ಹತ್ತಿರ ಇದ್ದವು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಧೇನುಕಾಕಟದ ಹೆಸರು ಕಾರ್ಲಾದಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿಂದ ಬಂದ ಸುಗಂಧ ದ್ರವ್ಯದ ವ್ಯಾಪಾರಿ ಇದ್ದಾನೆ. ಅಲ್ಲಿಯ ಯವನರು, ಅಂದರೆ ಪಶ್ಚಿಮದಿಂದ ಬಂದವರು, ಒಂದೊಂದು ಕಂಬಕ್ಕೆ ದುಡ್ಡು ಕೊಟ್ಟು ಕಂಬದ ಮೇಲೆ ಹೆಸರು ಹಾಕಿಸಿಕೊಂಡಿದ್ದಾರೆ. ಇಷ್ಟು ಶ್ರೀಮಂತ ಊರು ಎಲ್ಲಿತ್ತು? ಪಂಡಿತರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಕೆಲವರು ಕಾರ್ಲಾದ ಆಸುಪಾಸಿನಲ್ಲೇ ಅನ್ನುತ್ತಾರೆ, ಕೆಲವರು ದೂರದ ಆಂಧ್ರದ ಕಡೆ ತೋರಿಸುತ್ತಾರೆ.

ಇಂಥ ಒಗಟು ನನಗೆ ಇಷ್ಟ. ಇನ್ನೊಂದು ಜಾತಿಯ ಒಗಟು ಇದೆ, ಅದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಇದನ್ನೆಲ್ಲ ಪಾಂಡವರು ಒಂದೇ ರಾತ್ರಿಯಲ್ಲಿ ಮುಗಿಸಿದರು, ಇಲ್ಲಿಂದ ಇಂಥ ಊರಿಗೆ ಸುರಂಗ ಇದೆ, ಇತ್ಯಾದಿ. ಊರಿನ ಅಜ್ಜಿಯರು ಹೇಳಿದರೆ ನಾನು ಸುಮ್ನೆ ಕೇಳುತ್ತೇನೆ, ಅದರಲ್ಲಿ ಪ್ರೀತಿ ಇದೆ. ಈಗ ಮೊಬೈಲಿನಲ್ಲಿ ಬರುವ ವಿಡಿಯೋಗಳಲ್ಲಿ ಪಾಂಡವರ ಜಾಗಕ್ಕೆ ಬೇರೆ ಗ್ರಹದವರು ಬಂದಿದ್ದಾರೆ. ಮನುಷ್ಯರಿಂದ ಇದು ಸಾಧ್ಯವೇ ಇಲ್ಲ ಎಂದು ಹಿನ್ನೆಲೆ ಸಂಗೀತ ಹಾಕಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ಬಡಗಿ ಸಾಮಿ ತನ್ನ ಅಪ್ಪನ ಹೆಸರಿನ ಸಮೇತ ಗೋಡೆಯ ಮೇಲೆ ಇದ್ದಾನೆ! ಅವನನ್ನು ಓದದೆ ಆಕಾಶ ನೋಡುವುದು ಅವನಿಗೆ ಮಾಡುವ ಅವಮಾನ.

ಹೇಗೆ ಕಡೆದರು ಎನ್ನುವುದು ಬಹುಮಟ್ಟಿಗೆ ಗೊತ್ತು. ಅರ್ಧಕ್ಕೆ ಬಿಟ್ಟ ಗವಿಗಳೇ ಅದನ್ನು ಹೇಳುತ್ತವೆ. ಮೊದಲು ಗುಡ್ಡದ ಮೈಯನ್ನು ನೆಟ್ಟಗೆ ಗೋಡೆಯ ಹಾಗೆ ಕಡಿಯುತ್ತಾರೆ. ಆಮೇಲೆ ಮೇಲಿನಿಂದ ಶುರು. ಛಾವಣಿ ಮೊದಲು, ನೆಲ ಕೊನೆಗೆ. ಕಲ್ಲುಕುಟಿಗ ನಿಂತ ಕಲ್ಲೇ ಅವನಿಗೆ ಅಟ್ಟಣಿಗೆ, ಬೇರೆ ಏಣಿ ಕಟ್ಟುವ ಕೆಲಸವಿಲ್ಲ. ಕೆಳಗೆ ಇಳಿದಂತೆ ಕಂಬ ಬರಬೇಕಾದ ಕಡೆ ಕಲ್ಲು ಬಿಟ್ಟುಕೊಂಡು ಇಳಿಯುತ್ತಾನೆ. ಅರ್ಧ ಕಾಯಿ ತುರಿದ ಹಾಗೆ ಒಳಗಿನದನ್ನು ತೆಗೆಯುತ್ತ ಹೋಗುವುದು. ಉಳಿದದ್ದೇ ಕಟ್ಟಡ.

ಹೇಳಿದರೆ ಇಷ್ಟೇ. ಮಾಡುವುದನ್ನು ಯೋಚಿಸಿ. ಕಟ್ಟುವ ಕೆಲಸದಲ್ಲಿ ಒಂದು ಕಲ್ಲು ಒಡೆದರೆ ಇನ್ನೊಂದು ಇಡಬಹುದು. ಕಡೆಯುವ ಕೆಲಸದಲ್ಲಿ ಆನೆಯ ಸೊಂಡಿಲು ಮುರಿದರೆ ಮುರಿಯಿತು. ಛಾವಣಿ ಕಡೆಯುವ ದಿನವೇ ನೆಲದಲ್ಲಿ ಸ್ತೂಪ ಎಲ್ಲಿ ಬರುತ್ತದೆ ಎಂದು ಯಾರದ್ದಾದರೂ ತಲೆಯಲ್ಲಿ ಇರಬೇಕು. ಛಾವಣಿ ಮಾಡಿದವನು ನೆಲ ನೋಡುವ ಹೊತ್ತಿಗೆ ಬದುಕಿದ್ದನೋ ಇಲ್ಲವೋ. ವಿವರ ಗೊತ್ತಾದಷ್ಟೂ ನನಗಂತೂ ಬೆರಗು ಜಾಸ್ತಿಯೇ ಆಗಿದೆ. ಬಾದಾಮಿಯದ್ದು ಕೆಂಪು ಮರಳುಗಲ್ಲು, ಉಳಿಗೆ ಸ್ವಲ್ಪ ಬಗ್ಗುತ್ತದೆ. ಇಲ್ಲಿಯದು ಸುಮಾರು 6.5 ಕೋಟಿ ವರ್ಷದ ಹಿಂದೆ ಭೂಮಿಯ ಒಳಗಿನಿಂದ ಉಕ್ಕಿ ಬಂದ ಲಾವಾ ತಣ್ಣಗಾಗಿ ಆದ ಕರಿಗಲ್ಲು. ಅದಕ್ಕೆ ಉಳಿ ಹಾಕಿ ನೋಡಿದರೆ ಗೊತ್ತಾಗುತ್ತದೆ ಅದರ ಹಟ.

ಈಗ ಲೋಣಾವಳದಿಂದ ನಮ್ಮ ಲೋಕಲ್ ಟ್ರೇನಿನ ದೂರಕ್ಕೆ ಬರೋಣ. ಬೊರಿವಲಿ.

ನ್ಯಾಶನಲ್ ಪಾರ್ಕ್ ಎಂದರೆ ನಮಗೆ ಚಿರತೆ, ಬೆಳಗಿನ ವಾಕಿಂಗ್, ಮಕ್ಕಳ ಪಿಕ್ನಿಕ್. ಅದರ ಒಳಗೆ ಕಾನ್ಹೇರಿ ಇದೆ. ನೂರಕ್ಕೂ ಹೆಚ್ಚು ಗವಿಗಳು ಒಂದೇ ಗುಡ್ಡದಲ್ಲಿ. ಜನ 3ನೇ ಗವಿಯ ಚೈತ್ಯ ನೋಡುತ್ತಾರೆ, ಮೊಗಸಾಲೆಯ ಎರಡೂ ತುದಿಯಲ್ಲಿ ನಿಂತ ಎತ್ತರದ ಬುದ್ಧರ ಮುಂದೆ ಫೋಟೋ ತೆಗೆಯುತ್ತಾರೆ, ಸಾಲದು ಎಂದರೆ 11ನೇ ಗವಿಯ ಉದ್ದನೆಯ ಕಲ್ಲುಬೆಂಚುಗಳ ಮೇಲೆ ಕೂತು ಚಕ್ಕುಲಿ ತಿಂದು ವಾಪಸ್. ನಾನು ಹೇಳುವುದು, ಇನ್ನೂ ಮೇಲೆ ಹತ್ತಿ. ಅಲ್ಲಿ ನೋಡಬೇಕಾದದ್ದು ಮೂರ್ತಿಯಲ್ಲ, ನೀರು.

ಹೆಚ್ಚಿನ ಗವಿಗಳ ಬಾಗಿಲ ಪಕ್ಕ ಒಂದು ತೊಟ್ಟಿ ಇದೆ, ಬಂಡೆಯಲ್ಲೇ ಕಡೆದದ್ದು. ಮೇಲೆ, ಗವಿಯ ನೆತ್ತಿಯ ಮೇಲೆ, ಬಂಡೆಗೆ ಸಣ್ಣ ಕಾಲುವೆ ಕಡೆದಿದ್ದಾರೆ. ಮಳೆಯ ನೀರು ಗುಡ್ಡದ ಮೈ ಮೇಲೆ ಹರಿಯುವಾಗ ಈ ಕಾಲುವೆಗಳು ಅದನ್ನು ಹಿಡಿದು ತೊಟ್ಟಿಗೆ ಇಳಿಸುತ್ತವೆ. ಮುಂಬಯಿಯ ಮಳೆ ನಾಲ್ಕು ತಿಂಗಳು ಸುರಿದು ಉಳಿದ ಎಂಟು ತಿಂಗಳು ಮುಖ ತೋರಿಸುವುದಿಲ್ಲ. ಎಂಟು ತಿಂಗಳು ಗುಡ್ಡದ ಮೇಲೆ ಭಿಕ್ಷುಗಳು ಹೇಗೆ ಬದುಕಿದರು ಎನ್ನುವುದಕ್ಕೆ ಉತ್ತರ ಈ ತೊಟ್ಟಿಗಳು. ಮಳೆಗಾಲದಲ್ಲಿ ಹೋದರೆ ಕಾಲುವೆಗಳು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಹುದು. ನಮ್ಮ ಸೊಸೈಟಿಗಳಲ್ಲಿ ಮಳೆನೀರು ಕೊಯ್ಲಿನ ಪೈಪು ಹಾಕಿಸಲು ಎಷ್ಟು ಮೀಟಿಂಗ್ ಆಗುತ್ತದೆ ಎಂದು ಇಲ್ಲಿ ನೆನಪಾದರೆ ನಾನು ಜವಾಬ್ದಾರನಲ್ಲ.

ತೊಟ್ಟಿ ಮಾಡಿಸಿದವರು ಯಾರು? ರಾಜರಲ್ಲ. ಕಲ್ಯಾಣದ ಒಬ್ಬ ಅಕ್ಕಸಾಲಿಗ ಒಂದು ತೊಟ್ಟಿ ಮಾಡಿಸಿ ಬರೆಸಿದ್ದಾನೆ. ಅದೇ ಕಲ್ಯಾಣದ ಕಮ್ಮಾರನೊಬ್ಬ ದಾರಿ ಮಾಡಿಸಿದ್ದಾನೆ. ಈಗ ನಾವು ಫಾಸ್ಟ್ ಲೋಕಲ್ ಹಿಡಿಯುವ ಅದೇ ಕಲ್ಯಾಣ್. ಸೋಪಾರಾದವರೂ ಇದ್ದಾರೆ, ಅದು ಇವತ್ತಿನ ನಾಲಾಸೋಪಾರಾ. ಆಗ ಅದು ದೊಡ್ಡ ಬಂದರು.

ಕಾನ್ಹೇರಿ ಒಂದು ಕಾಲಕ್ಕೆ ನಿಂತು ಹೋದ ಜಾಗ ಅಲ್ಲ. ಶಾತವಾಹನರ ಕಾಲದಲ್ಲಿ ಇತ್ತು, ಆಮೇಲೂ ಇತ್ತು. 9ನೇ ಶತಮಾನಕ್ಕೆ ಬಂದರೆ ಅಲ್ಲಿಯ ಶಾಸನದಲ್ಲಿ ನಮಗೆಲ್ಲ ಗೊತ್ತಿರುವ ಹೆಸರು ಸಿಗುತ್ತದೆ, ಅಮೋಘವರ್ಷ. ಹೌದು, ನಮ್ಮ ನೃಪತುಂಗನೇ. ಮಳಖೇಡದಲ್ಲಿ ಕೂತ ರಾಷ್ಟ್ರಕೂಟ ಚಕ್ರವರ್ತಿ. ಅವನ ಕೈಕೆಳಗೆ ಶಿಲಾಹಾರರು ಕೊಂಕಣ ನೋಡಿಕೊಳ್ಳುತ್ತಿದ್ದರು. 843, 853, 877, ಹೀಗೆ ಅವನ ಆಳ್ವಿಕೆಯ ಶಾಸನಗಳು ಈ ಗುಡ್ಡದಲ್ಲಿವೆ. ಒಂದರಲ್ಲಿ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಭಕ್ತನೊಬ್ಬ ಭಿಕ್ಷುಗಳ ಬಟ್ಟೆಬರೆಗೆ 100 ದ್ರಮ್ಮದ (ಆ ಕಾಲದ ನಾಣ್ಯ) ಶಾಶ್ವತ ನಿಧಿ ಇಟ್ಟಿದ್ದಾನೆ. ಕನ್ನಡ ನಾಡಿನ ರಾಜ, ಕೊಂಕಣದ ಸಾಮಂತ, ಬಂಗಾಳದ ದಾನಿ, ಬೊರಿವಲಿಯ ಗುಡ್ಡ. ಮುಂಬಯಿ ಆಗಲೇ ಮುಂಬಯಿಯ ಹಾಗೇ ಇತ್ತು ಅನ್ನಿಸುವುದಿಲ್ವಾ?

ಆಮೇಲೆ 90ನೇ ಗವಿ. ಅದರಲ್ಲಿ ಪಹ್ಲವಿ ಎಂಬ ಪರ್ಷಿಯಾದ ಹಳೆಯ ಭಾಷೆಯ ಬರಹಗಳಿವೆ. 1009ರಲ್ಲಿ, ಮತ್ತೆ 1021ರಲ್ಲಿ ಪಾರಸಿಗಳು ಈ ಗುಡ್ಡ ಹತ್ತಿ ಬಂದರು. ಬಂದ ದಿನ, ಬಂದವರ ಹೆಸರು, ಅಪ್ಪಂದಿರ ಹೆಸರು ಬರೆದರು. ಅವರು ಪೂಜೆಗೆ ಬಂದವರಲ್ಲ, ದಾನ ಕೊಟ್ಟವರಲ್ಲ. ನಮ್ಮ ಹಾಗೆ ನೋಡಲು ಬಂದವರು. ಅವರು ಬಂದಾಗಲೇ ಕಾನ್ಹೇರಿಗೆ ಸಾವಿರ ವರ್ಷ ಆಗಿತ್ತು. ಪುರಾತನ ಜಾಗ ನೋಡಿ ಬೆರಗಾಗುವುದು ನಮ್ಮ ಕಾಲದ ಟೂರಿಸಂ ಹುಚ್ಚು ಎಂದುಕೊಂಡವರು ಇದನ್ನು ನೋಡಬೇಕು.

ಎಲಿಫೆಂಟಾದ, ಅಂದರೆ ಘಾರಾಪುರಿ ದ್ವೀಪದ ಶಿವನ ಗವಿಯ ಬಗ್ಗೆ ಹೇಳದೆ ಬಿಟ್ಟರೆ ನೀವು ಬಿಡುವುದಿಲ್ಲ. ಅಲ್ಲಿ ಕತೆ ಉಲ್ಟಾ. ಕಾರ್ಲಾ, ಕಾನ್ಹೇರಿಯಲ್ಲಿ ಕಮ್ಮಾರನ ಹೆಸರೂ ಗೊತ್ತು. ಇಲ್ಲಿ, ಇಡೀ ಪಶ್ಚಿಮ ಕರಾವಳಿಯ ಅತ್ಯಂತ ದೊಡ್ಡ ಕೆಲಸದಲ್ಲಿ, ಮಾಡಿಸಿದವನ ಹೆಸರೇ ಇಲ್ಲ. ಒಂದು ಶಾಸನ ಇತ್ತು. ಪೋರ್ಚುಗೀಸರು ಅದನ್ನು ತೆಗೆಸಿ ತಮ್ಮ ರಾಜನಿಗೆ ಕಳಿಸಿದರು, ಅಲ್ಲಿ ಓದುವವರು ಸಿಗಲಿಲ್ಲ, ಕಲ್ಲು ಕಳೆದುಹೋಯಿತು. ಅವರದ್ದೇ ಇತಿಹಾಸಕಾರ ಡಿಯೋಗೊ ದೊ ಕೋಟೊ ಇದನ್ನು ಬರೆದಿಟ್ಟಿದ್ದಾನೆ. ಬಾದಾಮಿಯ 3ನೇ ಗವಿಯಲ್ಲಿ ಮಂಗಳೇಶನ ಶಾಸನ ಉಳಿದಿದೆ, ಶಕ 500, ಅಂದರೆ 578 ಎಂದು ಕರಾರುವಾಕ್ಕಾಗಿ ಹೇಳಬಹುದು. ಆ ಒಂದು ಕಲ್ಲು ಇಲ್ಲದಿದ್ದರೆ ಬಾದಾಮಿಯೂ ಹೀಗೇ ಚರ್ಚೆಯ ವಿಷಯ ಆಗಿರುತ್ತಿತ್ತು.

ಹಾಗಾದರೆ ಮಾಡಿಸಿದವರು ಯಾರು? ಈಗ ಹೆಚ್ಚಿನವರು ಒಪ್ಪುವುದು 6ನೇ ಶತಮಾನದ ಕಲಚುರಿಗಳನ್ನು. ಅವರ ರಾಜ ಕೃಷ್ಣರಾಜನ ನಾಣ್ಯಗಳು ದ್ವೀಪದಲ್ಲೇ ಸಿಕ್ಕಿವೆ, ಅವನು ದೊಡ್ಡ ಶಿವಭಕ್ತ. ಕೊಂಕಣದ ಮೌರ್ಯರು ಅನ್ನುವವರೂ ಇದ್ದಾರೆ. ನಮ್ಮ ಎರಡನೇ ಪುಲಕೇಶಿಯ ಹೆಸರೂ ಇಲ್ಲಿ ಬಂದುಹೋಗುತ್ತದೆ. ಅವನ ನೌಕಾಪಡೆ ಪುರಿ ಎಂಬ ಪಟ್ಟಣವನ್ನು ಮುತ್ತಿತು ಎಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಈ ಘಾರಾಪುರಿ ದ್ವೀಪವೇ ಎಂದು ಕೆಲವರು, ಅಲ್ಲ ಎಂದು ಕೆಲವರು. ನಮ್ಮವನು ಎಂದು ಎಳೆದುಕೊಳ್ಳುವ ಆಸೆ ನನಗೂ ಇದೆ. ಆದರೆ ಪುಲಕೇಶಿ ಬರುವ ಹೊತ್ತಿಗೆ ಗವಿ ಆಗಿಹೋಗಿತ್ತು ಎಂದೇ ಕಾಣುತ್ತದೆ.

ಆ ಗವಿಯೊಳಗಿನ ಶಿವನ ದೊಡ್ಡ ವಿಗ್ರಹ, ಮಹೇಶಮೂರ್ತಿಯ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಐದು ಮೀಟರಿಗಿಂತ ಎತ್ತರ, ಮೂರು ಮುಖ, ಎದೆಯವರೆಗೆ ಮಾತ್ರ. ನಡುವಿನದು ಕಣ್ಣು ಮುಚ್ಚಿದ ಶಾಂತ ಮುಖ, ಒಂದು ಬದಿ ಉಗ್ರ, ಇನ್ನೊಂದು ಬದಿ ಹೆಣ್ಣಿನ ಕೋಮಲ ಮುಖ. ಒಂದೇ ಒಂದು ಸಲಹೆ. ಗೈಡ್ ನೇರವಾಗಿ ಅದರ ಮುಂದೆ ಕರೆದೊಯ್ಯುತ್ತಾನೆ. ಅವನನ್ನು ಬಿಟ್ಟು ಮೊದಲು ಪಕ್ಕದ ಫಲಕಗಳನ್ನು ನೋಡಿ. ಕೈಲಾಸ ಎತ್ತುವ ರಾವಣ, ಅರ್ಧನಾರೀಶ್ವರ, ಶಿವನ ಮದುವೆ. ಬಹಳಷ್ಟು ಕಡೆ ಕಾಲು ಕೈ ಮುರಿದಿವೆ. ಆ ಒಡೆದದ್ದನ್ನೆಲ್ಲ ನೋಡಿ ಆಮೇಲೆ ಮಹೇಶನ ಮುಂದೆ ಬಂದರೆ, ಇಷ್ಟರ ನಡುವೆ ಇವನು ಹೇಗೆ ಉಳಿದ ಎಂದು ನೀವೇ ಕೇಳುತ್ತೀರಿ.

ದ್ವೀಪಕ್ಕೆ ಆ ಹೆಸರು ಕೊಟ್ಟ ಕಲ್ಲಿನ ಆನೆ ಅಲ್ಲಿಲ್ಲ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಚೂರಾಯಿತು. ಚೂರುಗಳನ್ನು ಜೋಡಿಸಿ ನಿಲ್ಲಿಸಿದ್ದು 1914ರಲ್ಲಿ. ಈಗ ಭಾಯಖಳಾದ ರಾಣಿಬಾಗ್‌ನಲ್ಲಿ, ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲಿದೆ. ಜನ ಜೀವಂತ ಪ್ರಾಣಿ ನೋಡಲು ಅದರ ಎದುರೇ ಹಾದುಹೋಗುತ್ತಾರೆ.

ಇನ್ನು ಕೆಲವು ಸುಮ್ನೆ ಹೆಸರು ಹೇಳಿ ಮುಗಿಸುತ್ತೇನೆ. ಜೋಗೇಶ್ವರಿ ಗವಿಯ ಸುತ್ತ ಮನೆಗಳು ಒತ್ತಿಕೊಂಡಿವೆ, ಒಳಗೆ ದೇವಿಯ ಪೂಜೆ ನಡೆಯುತ್ತದೆ. ಬೊರಿವಲಿ ಪಶ್ಚಿಮದ ಮಂಡಪೇಶ್ವರ ಶಿವನ ಗವಿ, ಪೋರ್ಚುಗೀಸರು ಇಗರ್ಜಿ ಮಾಡಿಕೊಂಡರು, ಗೋಡೆಯಲ್ಲಿ ಶಿಲುಬೆ ಇದೆ, ಈಗ ಮತ್ತೆ ಲಿಂಗಕ್ಕೆ ಪೂಜೆ. ಪುಣೆಯಲ್ಲಿ ಮಕ್ಕಳು ಓದುತ್ತಿದ್ದರೆ ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ ಹೋಗಿ ಎನ್ನಿ. 8ನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ದುಂಡಗಿನ ನಂದಿ ಮಂಟಪ ಬೇರೆ ಎಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಗೋವಾಕ್ಕೆ ಹೋದವರು ಬೀಚಿನಿಂದ ಎದ್ದು ಒಂದು ದಿನ ತಾಂಬ್ಡಿ ಸುರ್ಲಾಕ್ಕೆ ಹೋಗಿ. ಕಾಡಿನ ನಡುವೆ ಕದಂಬರ ಕಾಲದ ಮಹಾದೇವ ದೇಗುಲ, ಕರಿಗಲ್ಲಿನದು. ಗೋವಾದ ನೆಲ ಹೆಚ್ಚಾಗಿ ಜಂಬಿಟ್ಟಿಗೆಯದ್ದು. ಈ ಕಲ್ಲನ್ನು ಘಟ್ಟದ ಮೇಲಿನಿಂದ ಇಳಿಸಿ ತಂದರು ಎನ್ನುತ್ತಾರೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಕೊಡುತ್ತೇನೆ.

ಹಿರಿಯರಾದ ಒಬ್ಬ ಅಮ್ಮ ಎದ್ದು, “ಭೂತಪಾಲ ಮನೆಯಲ್ಲಿ ಕನ್ನಡ ಮಾತಾಡ್ತಿದ್ನಾ?” ಎಂದರು. ಸಭೆ ನಕ್ಕಿತು, ಆದರೆ ಪ್ರಶ್ನೆ ಒಳ್ಳೆಯದು. ಶಾಸನ ಪ್ರಾಕೃತದಲ್ಲಿದೆ, ಆ ಕಾಲದಲ್ಲಿ ಬರೆಯುವ ಭಾಷೆ ಅದೇ. ಬನವಾಸಿಯಲ್ಲೂ ಆ ಕಾಲದ ಶಾಸನಗಳು ಪ್ರಾಕೃತದಲ್ಲೇ ಇವೆ. ಹಲ್ಮಿಡಿ ಶಾಸನ ಸುಮಾರು 450ರದ್ದು, ಭೂತಪಾಲನಿಗಿಂತ ಮುನ್ನೂರು ವರ್ಷಕ್ಕೂ ಈಚಿನದು. ಮನೆಯಲ್ಲಿ ಅವನು ಹೆಂಡತಿಯನ್ನು ಯಾವ ಭಾಷೆಯಲ್ಲಿ ಕರೆಯುತ್ತಿದ್ದ ಎಂದು ಕಲ್ಲು ಹೇಳುವುದಿಲ್ಲ ಅಮ್ಮ, ಎಂದೆ. “ಕನ್ನಡವೇ ಇರಬೇಕು ಬಿಡಿ” ಎಂದು ಅವರು ತೀರ್ಪು ಕೊಟ್ಟು ಕೂತರು.

ಇನ್ನೊಬ್ಬ ಕಾಲೇಜು ಹುಡುಗ. “ಸರ್, ಪಾರಸಿಗಳು ಗವಿಯಲ್ಲಿ ಹೆಸರು ಬರೆದರೆ ಇತಿಹಾಸ. ನನ್ನ ಫ್ರೆಂಡ್ ತನ್ನ ಹುಡುಗಿಯ ಹೆಸರು ಬರೆದರೆ ಯಾಕೆ ಕೇಸು?” ಸಾವಿರ ವರ್ಷ ಕಾದರೆ ಅದೂ ಇತಿಹಾಸ ಆಗಬಹುದು, ಆದರೆ ಅಷ್ಟರಲ್ಲಿ 1958ರ ಸ್ಮಾರಕ ಸಂರಕ್ಷಣಾ ಕಾಯ್ದೆ ಇದೆ ಎಂದೆ. 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹುಡುಗಿಗೆ ಬೇರೆ ಏನಾದರೂ ಕೊಡಿಸುವುದು ಅಗ್ಗ. ಅವನು ಬಿಡಲಿಲ್ಲ, ಹಾಗಾದರೆ ಮೊದಲು ಎಲ್ಲಿಗೆ ಹೋಗಲಿ ಎಂದ. ಕಾನ್ಹೇರಿಗೆ ಹೋಗು, ಮಳೆ ನಿಂತ ಕೂಡಲೇ, ಬೆಳಗ್ಗೆ ಬೇಗ. ಸೋಮವಾರ ಬೇಡ, ಮುಚ್ಚಿರುತ್ತದೆ. ಎಲಿಫೆಂಟಾಕ್ಕೂ ಅದೇ ಮಾತು. ಕುಡಿಯುವ ನೀರು, ಒಂದು ಟಾರ್ಚ್ ಇಟ್ಟುಕೋ. ಡಬ್ಬಿಯನ್ನು ಕೈಯಲ್ಲಿ ಹಿಡಿಯಬೇಡ, ಅಲ್ಲಿಯ ಕೋತಿಗಳು ಕಿತ್ತುಕೊಳ್ಳುತ್ತವೆ.